ಸ್ಕೈಸರ್ವರ್: ಸತ್ತ ನಕ್ಷತ್ರಗಳು ನುಂಗಿದ ಕಲ್ಲುಗಳ ಗುರುತನ್ನು ತೋರಿಸುವ ಉಚಿತ ಜಾಲಸೇವೆ

ಹಣ ಕೊಡದೆ, ಯಾವ ಸಂಸ್ಥೆಯ ಶಿಫಾರಸ್ಸೂ ಇಲ್ಲದೆ, ವೃತ್ತಿಪರ ಖಗೋಳವಿಜ್ಞಾನಿಗಳು ಬಳಸುವ ಮೂಲ ದತ್ತಾಂಶವನ್ನೇ ಮನೆಯಲ್ಲಿ ಕುಳಿತು ತೆರೆದು ನೋಡಲು ಅವಕಾಶ ಕೊಡುವ ಸೇವೆಗಳು ಹೆಚ್ಚಿಲ್ಲ. ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ಎಂಬ ಆಕಾಶ ಸಮೀಕ್ಷೆಯ ಸ್ಕೈಸರ್ವರ್ ಅಂಥದ್ದೊಂದು. ಗೆಲಾಕ್ಸಿಗಳ ಚಿತ್ರ ನೋಡಲು ಅದನ್ನು ಬಳಸುವವರು ಬಹಳ ಮಂದಿ ಇದ್ದಾರೆ. ಅದರ ಆ ಮುಖ ಈ ವಿಮರ್ಶೆಯ ವಿಷಯವಲ್ಲ. ಆಯುಷ್ಯ ಮುಗಿಸಿದ ನಕ್ಷತ್ರಗಳು ತಮ್ಮ ಸುತ್ತಲಿನ ಕ್ಷುದ್ರಗ್ರಹಗಳನ್ನು ನುಂಗಿ ವಾತಾವರಣವನ್ನು ಕಲುಷಿತ ಮಾಡಿಕೊಂಡಿರುವ ಸಂಗತಿಯನ್ನು ಒಬ್ಬ ಸಾಮಾನ್ಯ ಓದುಗ ಯಾರದೋ ಮಾತಿನ ಮೇಲೆ ನಂಬದೆ ತಾನೇ ನೋಡಿ ಒಪ್ಪಬಹುದೇ, ಅದಕ್ಕೆ ಈ ಸೇವೆ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಆದರೆ ನುಂಗಿದ ಕಲ್ಲು ಎಂಥದ್ದು, ಎಷ್ಟು ದೊಡ್ಡದು ಎಂದು ಅಳೆಯುವುದಕ್ಕೆ ಇದೊಂದೇ ಸಾಲದು, ಮತ್ತು ಸಾಲದು ಎಂಬುದನ್ನು ಈ ಸೇವೆ ತಾನಾಗಿ ಎಲ್ಲಿಯೂ ಹೇಳುವುದಿಲ್ಲ.

ಸಮೀಕ್ಷೆಯ ದೂರದರ್ಶಕ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಪಾಚೆ ಪಾಯಿಂಟ್‌ನಲ್ಲಿದೆ. ಅದರ ಕನ್ನಡಿಯ ವ್ಯಾಸ 2.5 ಮೀಟರ್. ಸಮೀಕ್ಷೆ 2000ರಲ್ಲಿ ಆರಂಭವಾಯಿತು. ಅದರ ಫಲವನ್ನು ಸಾರ್ವಜನಿಕರ ಕೈಗೂ ಸಿಗುವಂತೆ ಜಾಲಕ್ಕೆ ತಂದವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಲೆಕ್ಸ್ ಸಲಾಯ್ ಮತ್ತು ಮೈಕ್ರೋಸಾಫ್ಟ್‌ನ ದತ್ತಾಂಶ ತಜ್ಞ ಜಿಮ್ ಗ್ರೇ. ಆರಂಭದ ವರ್ಷಗಳಲ್ಲಿ ಅಲ್ಯೂಮಿನಿಯಂ ತಟ್ಟೆಯಲ್ಲಿ ಪ್ರತಿಯೊಂದು ಆಕಾಶಕಾಯಕ್ಕೂ ಒಂದು ತೂತು ಕೊರೆದು, ಹಗಲಿನಲ್ಲಿ ಸಿಬ್ಬಂದಿ ಕೈಯಿಂದಲೇ ಒಂದೊಂದು ತೂತಿಗೂ ಒಂದೊಂದು ಆಪ್ಟಿಕಲ್ ಫೈಬರ್ ಸಿಕ್ಕಿಸುತ್ತಿದ್ದರು. ಹೀಗೆ ಒಂದು ತಟ್ಟೆಯಿಂದ ಒಮ್ಮೆಗೆ 640 ಕಾಯಗಳ ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ದಾಖಲೆ, ಸಿಗುತ್ತಿತ್ತು, ಆಮೇಲೆ 1000. ಈಗ ಆ ಕೆಲಸವನ್ನು ರೋಬೋಟುಗಳು ಮಾಡುತ್ತವೆ. ಸ್ಕೈಸರ್ವರಿನಲ್ಲಿ ಯಾವ ರೋಹಿತವನ್ನು ತೆರೆದರೂ ತಟ್ಟೆಯ ಸಂಖ್ಯೆ, ದಿನಾಂಕದ ಸಂಖ್ಯೆ, ಫೈಬರಿನ ಸಂಖ್ಯೆ ಎಂಬ ಮೂರು ಅಂಕಿಗಳು ಜೊತೆಗಿರುತ್ತವೆ. ಇದು ಬರಿಯ ಅಲಂಕಾರವಲ್ಲ. ನೀವು ನೋಡಿದ್ದನ್ನೇ ಇನ್ನೊಬ್ಬರೂ ನೋಡಬೇಕೆಂದರೆ ಈ ಮೂರು ಅಂಕಿ ಕೊಟ್ಟರೆ ಸಾಕು.

ಸೇವೆಯ ಬಗ್ಗೆ ಮುಂದೆ ಹೇಳುವ ಮೊದಲು, ನೋಡಬೇಕಾದ್ದು ಏನು ಎಂಬುದು ಸ್ಪಷ್ಟವಾಗಬೇಕು. ಸೂರ್ಯನಂಥ ನಕ್ಷತ್ರ ಇಂಧನ ಮುಗಿದಾಗ ಉಬ್ಬಿ ಕೆಂಪುದೈತ್ಯವಾಗಿ, ಹೊರಪದರಗಳನ್ನು ಕಳೆದುಕೊಂಡು, ಕೊನೆಗೆ ಭೂಮಿಯಷ್ಟೇ ಗಾತ್ರದ, ಆದರೆ ಸೂರ್ಯನ ಅರ್ಧಕ್ಕಿಂತ ಹೆಚ್ಚು ದ್ರವ್ಯರಾಶಿಯ ಶ್ವೇತಕುಬ್ಜವಾಗಿ ಉಳಿಯುತ್ತದೆ. ಅದರ ಮೇಲ್ಮೈಯಲ್ಲಿ ಗುರುತ್ವ ಭೂಮಿಯದಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು. ಇಷ್ಟು ಗುರುತ್ವವಿರುವಲ್ಲಿ ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಸಿಯಂನಂಥ ಭಾರದ ಧಾತುಗಳು ಮೇಲೆ ನಿಲ್ಲಲಾರವು. ತಳಕ್ಕೆ ಇಳಿದು ಕಣ್ಮರೆಯಾಗುತ್ತವೆ. ಮೇಲೆ ಉಳಿಯುವುದು ಹಗುರವಾದ ಜಲಜನಕ, ಅದೂ ಇಲ್ಲದಿದ್ದರೆ ಹೀಲಿಯಂ. ಬಿಸಿಯಾದ ಜಲಜನಕ ವಾತಾವರಣದಲ್ಲಿ ಈ ಇಳಿತಕ್ಕೆ ಕೆಲವು ದಿನಗಳಿಂದ ಕೆಲವು ವರ್ಷಗಳು ಸಾಕು. ತಣ್ಣಗಾದ ಹೀಲಿಯಂ ವಾತಾವರಣದಲ್ಲಿ ಹತ್ತಾರು ಲಕ್ಷ ವರ್ಷಗಳು ಬೇಕಾಗಬಹುದು. ಎರಡೂ ಆ ನಕ್ಷತ್ರದ ವಯಸ್ಸಿನ ಮುಂದೆ ಲೆಕ್ಕಕ್ಕೇ ಬಾರದ ಅವಧಿ. ಆದ್ದರಿಂದ ಶ್ವೇತಕುಬ್ಜವೊಂದರ ರೋಹಿತದಲ್ಲಿ ಕ್ಯಾಲ್ಸಿಯಂ ರೇಖೆ (ಆ ಧಾತು ತನ್ನದೇ ಬಣ್ಣದ ಬೆಳಕನ್ನು ಹೀರಿದ ಗುರುತು) ಕಂಡರೆ, ತೀರ ಬಿಸಿಯಾದ ಕೆಲವು ನಕ್ಷತ್ರಗಳನ್ನು ಬಿಟ್ಟು ಉಳಿದೆಡೆ, ಅದು ಹುಟ್ಟಿನಿಂದ ಬಂದದ್ದಲ್ಲ, ಇತ್ತೀಚೆಗೆ ಹೊರಗಿನಿಂದ ಬಿದ್ದದ್ದು ಎಂದೇ ಅರ್ಥ.

ಈ ಗುರುತು ಮೊದಲು ದಾಖಲಾದದ್ದು 1917ರಲ್ಲಿ. ಆ ವರ್ಷ ಏಡ್ರಿಯಾನ್ ವಾನ್ ಮಾನೆನ್ ಮೀನ ರಾಶಿಯಲ್ಲಿ ವೇಗವಾಗಿ ಚಲಿಸುವ ಒಂದು ಮಂದ ನಕ್ಷತ್ರವನ್ನು ಗುರುತಿಸಿದರು; ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ವಾಲ್ಟರ್ ಆಡಮ್ಸ್ ಅದರ ರೋಹಿತವನ್ನು ಗಾಜಿನ ಫಲಕದ ಮೇಲೆ ಹಿಡಿದರು. ಕ್ಯಾಲ್ಸಿಯಂನ ಎರಡು ರೇಖೆಗಳು ಅದರಲ್ಲಿ ಸ್ಪಷ್ಟವಾಗಿದ್ದವು. ಅವು ಏನನ್ನು ಹೇಳುತ್ತಿವೆ ಎಂದು ತಿಳಿಯಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಬಹಳ ವರ್ಷ ಇದಕ್ಕೆ ಕೊಡುತ್ತಿದ್ದ ಕಾರಣವೆಂದರೆ, ನಕ್ಷತ್ರ ಸಾಗುವ ದಾರಿಯಲ್ಲಿನ ಅಂತರತಾರಾ ಅನಿಲವನ್ನು ಅದು ಸೆಳೆದುಕೊಂಡಿದೆ ಎಂಬುದು. ಆ ವಾದಕ್ಕೆ ಒಂದು ದೊಡ್ಡ ಅಡ್ಡಿ ಇದೆ. ಅಂತರತಾರಾ ಅನಿಲದ ಬಹುಪಾಲು ಜಲಜನಕ. ಅದು ಅತಿ ಹಗುರವಾದ್ದರಿಂದ ಒಮ್ಮೆ ಬಿದ್ದರೆ ಎಂದಿಗೂ ಮುಳುಗದು, ಮೇಲೆಯೇ ಶೇಖರವಾಗುತ್ತ ಹೋಗಬೇಕು. ಆದರೆ ಕ್ಯಾಲ್ಸಿಯಂ ತುಂಬಿರುವ ಎಷ್ಟೋ ಹೀಲಿಯಂ ಶ್ವೇತಕುಬ್ಜಗಳಲ್ಲಿ ಜಲಜನಕ ಇರಬೇಕಾದ ಪ್ರಮಾಣದಲ್ಲಿ ಇಲ್ಲವೇ ಇಲ್ಲ. ಇತ್ತ 1987ರಲ್ಲಿ ಬೆನ್ ಜುಕರ್‌ಮನ್ ಮತ್ತು ಎರಿಕ್ ಬೆಕ್ಲಿನ್ ಜಿ 29-38 ಎಂಬ ಶ್ವೇತಕುಬ್ಜ ಇರಬೇಕಾದ್ದಕ್ಕಿಂತ ಹೆಚ್ಚು ಅವಕೆಂಪು ಬೆಳಕು ಸೂಸುವುದನ್ನು ಕಂಡಿದ್ದರು. ಅದು ಜೊತೆಗಿರುವ ಕಂದುಕುಬ್ಜದ, ಅಂದರೆ ನಕ್ಷತ್ರವಾಗುವಷ್ಟು ದ್ರವ್ಯರಾಶಿ ಇಲ್ಲದ ಕಾಯದ, ಬೆಳಕಿರಬಹುದು ಎಂಬುದು ಮೊದಲ ಊಹೆ. ಅದು ನಕ್ಷತ್ರದ ತೀರ ಹತ್ತಿರ ಸುತ್ತುವ ಬಿಸಿ ಧೂಳು, ಆ ಧೂಳು ಪುಡಿಯಾದ ಕ್ಷುದ್ರಗ್ರಹದ್ದು ಎಂಬ ವಿವರಣೆಯನ್ನು ಮೈಕೆಲ್ ಜುರಾ 2003ರಲ್ಲಿ ಮುಂದಿಟ್ಟರು. ಇಂದು ಎಲ್ಲರೂ ಹಿಡಿದಿರುವ ದಾರಿ ಅದೇ.

ಸ್ಕೈಸರ್ವರಿಗೆ ಬರೋಣ. ತಾಣ ತೆರೆದಾಗ ಕಾಣುವ ಸಲಕರಣೆಗಳಲ್ಲಿ ನಮ್ಮ ಕೆಲಸಕ್ಕೆ ಬೇಕಾದವು ಎರಡೇ: ಆಕಾಶದ ಚಿತ್ರದಲ್ಲಿ ಓಡಾಡಲು ನ್ಯಾವಿಗೇಟ್, ಒಂದು ಕಾಯದ ಪೂರ್ತಿ ವಿವರಕ್ಕೆ ಎಕ್ಸ್‌ಪ್ಲೋರ್. ಆರ್‌ಎ ಮತ್ತು ಡೆಕ್ ಎಂಬ ಎರಡು ಚೌಕಗಳಲ್ಲಿ ಆಕಾಶದ ವಿಳಾಸವನ್ನು ಡಿಗ್ರಿಗಳಲ್ಲಿ ತುಂಬಬೇಕು. ಪರೀಕ್ಷೆಗೆ ನಾನು ಆರಿಸಿಕೊಂಡದ್ದು 187.2497 ಮತ್ತು 10.6758. ಇದು ಕನ್ಯಾ ರಾಶಿಯ ದಿಕ್ಕಿನಲ್ಲಿರುವ, ಜೆ1228+1040 ಎಂದು ಕರೆಯುವ ಶ್ವೇತಕುಬ್ಜ. ವಾರ್ವಿಕ್ ವಿಶ್ವವಿದ್ಯಾಲಯದ ಬೋರಿಸ್ ಗೆನ್ಸಿಕೆ ಮತ್ತು ಸಂಗಡಿಗರು 2006ರಲ್ಲಿ ಈ ನಕ್ಷತ್ರವನ್ನು ಲೋಕದ ಗಮನಕ್ಕೆ ತಂದದ್ದು ಇದೇ ಸಮೀಕ್ಷೆಯ ರೋಹಿತದಿಂದ. ಅಂದರೆ ಆ ಪತ್ತೆಗೆ ಕಾರಣವಾದ ಗೆರೆಗಳನ್ನೇ ಇಂದು ಯಾರು ಬೇಕಾದರೂ ತೆರೆದು ನೋಡಬಹುದು.

ಚಿತ್ರದಲ್ಲಿ ಕಾಣುವುದು ನೀಲಿ ಛಾಯೆಯ ಒಂದು ಚುಕ್ಕೆ ಮಾತ್ರ. ಅದರಲ್ಲಿ ಯಾವ ವಿಶೇಷವೂ ಇಲ್ಲ, ಇರಲು ಸಾಧ್ಯವೂ ಇಲ್ಲ. ರೋಹಿತವನ್ನು ತೆರೆದಾಗ ಕಥೆ ಬೇರೆ. ಎಡಗಡೆ, ಅಂದರೆ ನೀಲಿಯ ಕಡೆ, ಬೆಳಕು ಎತ್ತರದಲ್ಲಿ ಆರಂಭವಾಗಿ ಬಲಕ್ಕೆ ಹೋದಂತೆ ಇಳಿಯುತ್ತದೆ. ಬಿಸಿಯಾದ ನಕ್ಷತ್ರದ ಲಕ್ಷಣ ಅದು. ನಡುನಡುವೆ ಜಲಜನಕದ ರೇಖೆಗಳು ಅಗಲವಾದ ಕಣಿವೆಗಳಾಗಿ ಕೊರೆದಿರುತ್ತವೆ. ಸಾಮಾನ್ಯ ನಕ್ಷತ್ರದಲ್ಲಿ ಇವು ಇಷ್ಟು ಅಗಲ ಇರುವುದಿಲ್ಲ. ಶ್ವೇತಕುಬ್ಜದ ದಟ್ಟ ವಾತಾವರಣದ ಒತ್ತಡ ಅವನ್ನು ಹೀಗೆ ಹಿಗ್ಗಿಸುತ್ತದೆ. ಇಲ್ಲಿಯವರೆಗೆ ಎಲ್ಲವೂ ವಾಡಿಕೆಯಂತೆಯೇ ಇದೆ. 4481 ಆಂಗ್‌ಸ್ಟ್ರಾಂ (ಬೆಳಕಿನ ತರಂಗಾಂತರವನ್ನು ಅಳೆಯುವ ಮಾನ) ಆಸುಪಾಸಿನಲ್ಲಿ ಒಂದು ಸಣ್ಣ ಕಚ್ಚು ಇದೆ. ಹಿಗ್ಗಿಸಿ ನೋಡದಿದ್ದರೆ ಗದ್ದಲದಲ್ಲಿ, ಅಂದರೆ ಅಳತೆಯ ಅಡ್ಡಾದಿಡ್ಡಿ ಏರಿಳಿತದಲ್ಲಿ, ತಪ್ಪಿಹೋಗುವಂಥದ್ದು. ಅದು ಮೆಗ್ನೀಸಿಯಂ. ಇಪ್ಪತ್ತು ಸಾವಿರ ಡಿಗ್ರಿಯ ಈ ಜಲಜನಕ ವಾತಾವರಣದಲ್ಲಿ ಮೆಗ್ನೀಸಿಯಂ ಬಹಳ ಕಾಲ ನಿಲ್ಲಲಾರದು. ಆದ್ದರಿಂದ ಅದು ಬೀಳುತ್ತಲೇ ಇದೆ, ಈಗಲೂ ಬೀಳುತ್ತಿದೆ.

ಬಲತುದಿಯಲ್ಲಿ, 8500 ಮತ್ತು 8665 ಆಂಗ್‌ಸ್ಟ್ರಾಂಗಳ ನಡುವೆ, ಈ ರೋಹಿತದ ನಿಜವಾದ ಸ್ವಾರಸ್ಯವಿದೆ. ಅಲ್ಲಿ ಕ್ಯಾಲ್ಸಿಯಂನ ಮೂರು ರೇಖೆಗಳು ಕಣಿವೆಗಳಾಗಿ ಅಲ್ಲ, ದಿಬ್ಬಗಳಾಗಿ ಕಾಣುತ್ತವೆ. ಪ್ರತಿ ದಿಬ್ಬಕ್ಕೂ ಎರಡು ಕೊಂಬು. ನಕ್ಷತ್ರವನ್ನು ತಟ್ಟೆಯ ಆಕಾರದಲ್ಲಿ ಸುತ್ತುತ್ತಿರುವ ಅನಿಲದ ಒಂದು ಪಕ್ಕ ನಮ್ಮ ಕಡೆಗೆ, ಇನ್ನೊಂದು ಪಕ್ಕ ನಮ್ಮಿಂದ ದೂರಕ್ಕೆ, ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಸಾಗುವುದರಿಂದ ಒಂದೇ ರೇಖೆ ಹೀಗೆ ಎರಡಾಗಿ ಸೀಳುತ್ತದೆ. ಕೊಂಬುಗಳ ನಡುವಿನ ಅಂತರದಿಂದ ವೇಗ, ವೇಗದಿಂದ ದೂರ ಸಿಗುತ್ತದೆ. ಗೆನ್ಸಿಕೆ ತಂಡದ ಲೆಕ್ಕದಂತೆ ಈ ಅನಿಲದ ತಟ್ಟೆಯ ಹೊರ ಅಂಚು ಸೂರ್ಯನ ತ್ರಿಜ್ಯದ 1.2 ಪಟ್ಟು ದೂರದಲ್ಲಿದೆ. ಬುಧಗ್ರಹ ಸೂರ್ಯನಿಂದ ಅದರ ತ್ರಿಜ್ಯದ ಎಂಬತ್ತು ಪಟ್ಟಿಗೂ ಹೆಚ್ಚು ದೂರದಲ್ಲಿದೆ ಎಂಬುದನ್ನು ನೆನೆದರೆ ಈ ತಟ್ಟೆ ಎಷ್ಟು ಒಳಗಿದೆ ಎಂಬುದು ತಿಳಿಯುತ್ತದೆ. ಕೆಂಪುದೈತ್ಯವಾಗಿದ್ದಾಗ ಈ ನಕ್ಷತ್ರದ ಒಡಲು ಇದೇ ಜಾಗವನ್ನು ಪೂರ್ತಿಯಾಗಿ ಆವರಿಸಿತ್ತು. ಅಲ್ಲಿ ಆಗ ಇದ್ದ ಯಾವ ಕಲ್ಲೂ ಉಳಿದಿರಲು ಸಾಧ್ಯವಿಲ್ಲ. ಹಾಗಾದರೆ ಈಗ ಅಲ್ಲಿ ಸುತ್ತುತ್ತಿರುವ ಸರಕು ಆಮೇಲೆ ದೂರದಿಂದ ಬಂದದ್ದು. ಮೂರು ಜೋಡಿ ಕೊಂಬುಗಳು ಇಷ್ಟನ್ನು ಹೇಳುತ್ತವೆ, ಮತ್ತು ಅವನ್ನು ನೋಡಲು ಪದವಿ ಬೇಕಿಲ್ಲ.

ದೂರದಿಂದ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಮಾತ್ರ ಸ್ಕೈಸರ್ವರಿನಲ್ಲಿ ಉತ್ತರ ಇಲ್ಲ. ಹೊರಗಿನ ಓದು ಬೇಕು. ನಕ್ಷತ್ರ ಕೆಂಪುದೈತ್ಯವಾಗಿ ತನ್ನ ದ್ರವ್ಯರಾಶಿಯ ಅರ್ಧದಷ್ಟನ್ನು ಕಳೆದುಕೊಂಡಾಗ ಅದರ ಹಿಡಿತ ಸಡಿಲವಾಗಿ, ನುಂಗಲ್ಪಡದೆ ಉಳಿದ ಹೊರಗಿನ ಗ್ರಹಗಳ ಕಕ್ಷೆಗಳು ಹಿಗ್ಗುತ್ತವೆ. ನಕ್ಷತ್ರ ಹಗುರವಾಗಿ ಗ್ರಹಗಳ ದ್ರವ್ಯರಾಶಿ ಹಾಗೆಯೇ ಉಳಿಯುವುದರಿಂದ, ಗ್ರಹಗಳು ಪರಸ್ಪರರ ಮೇಲೆ ಮತ್ತು ತಮ್ಮ ನಡುವಿನ ಕ್ಷುದ್ರಗ್ರಹಗಳ ಮೇಲೆ ಬೀರುವ ಪ್ರಭಾವ ಮೊದಲಿಗಿಂತ ಬಲವಾಗುತ್ತದೆ. ಗುರುವಿನಂಥ ಒಂದು ಗ್ರಹ ಉಳಿದಿದ್ದರೂ ಸಾಕು, ಕೋಟ್ಯಂತರ ವರ್ಷ ತಣ್ಣಗೆ ಸುತ್ತುತ್ತಿದ್ದ ಕ್ಷುದ್ರಗ್ರಹ ಉದ್ದನೆಯ, ಚಪ್ಪಟೆಯಾದ ಕಕ್ಷೆಗೆ ತಳ್ಳಲ್ಪಟ್ಟು ಶ್ವೇತಕುಬ್ಜದ ಸನಿಹಕ್ಕೆ ಬರುತ್ತದೆ. ಸುಮಾರು ಒಂದು ಸೂರ್ಯತ್ರಿಜ್ಯದಷ್ಟು ಹತ್ತಿರ ಬಂದಾಗ, ಅದರ ಹತ್ತಿರದ ಬದಿಯ ಮೇಲಿನ ಸೆಳೆತಕ್ಕೂ ದೂರದ ಬದಿಯ ಮೇಲಿನ ಸೆಳೆತಕ್ಕೂ ಇರುವ ವ್ಯತ್ಯಾಸವೇ ಅದನ್ನು ಹರಿದು ಚೂರು ಮಾಡುತ್ತದೆ. ಚೂರುಗಳು ಒಂದಕ್ಕೊಂದು ಉಜ್ಜಿ ಧೂಳಾಗಿ, ಧೂಳು ನಕ್ಷತ್ರದ ಬೆಳಕಿನ ಒತ್ತಡದಿಂದ ಕಕ್ಷೆಯ ವೇಗ ಕಳೆದುಕೊಂಡು ಒಳಕ್ಕೆ ಸರಿದು, ಕಾವಿಗೆ ಆವಿಯಾಗಿ, ಕೊನೆಗೆ ವಾತಾವರಣಕ್ಕೆ ಸುರಿಯುತ್ತದೆ. ಜಿ 29-38ರ ಮೇಲೆ ಹೀಗೆ ಸುರಿಯುತ್ತಿರುವ ಸರಕು ಹೊರಸೂಸುವ ಕ್ಷಕಿರಣವನ್ನು ಟಿಮ್ ಕನಿಂಗ್‌ಹ್ಯಾಮ್ ತಂಡ 2022ರಲ್ಲಿ ನೇರವಾಗಿ ಹಿಡಿಯಿತು. ಸೆಕೆಂಡಿಗೆ ಸಾವಿರ ಟನ್ನಿಗೂ ಹೆಚ್ಚು ಎಂಬುದು ಅವರ ಲೆಕ್ಕ. ಆ ಕೆಲಸ ಮಾಡಿದ ಉಪಗ್ರಹ ದೂರದರ್ಶಕಕ್ಕೆ ಶ್ವೇತಕುಬ್ಜದ ದ್ರವ್ಯರಾಶಿಗೆ ಮಿತಿ ಕಂಡುಹಿಡಿದ ಚಂದ್ರಶೇಖರರ ಹೆಸರೇ ಇರುವುದು ಹಿತವಾದ ಕಾಕತಾಳೀಯ.

ಜೆ1228ರ ವಿಷಯದಲ್ಲಿ ಇನ್ನೊಂದು ಮಾತು. ಕ್ರಿಸ್ಟೋಫರ್ ಮ್ಯಾನ್ಸರ್ ಮತ್ತು ಸಂಗಡಿಗರು ಲಾ ಪಾಲ್ಮಾ ದ್ವೀಪದ ದೊಡ್ಡ ದೂರದರ್ಶಕದಿಂದ ಇದೇ ಕೊಂಬುಗಳನ್ನು ನಿಮಿಷ ನಿಮಿಷಕ್ಕೂ ಅಳೆದು, ಅವುಗಳ ಬಲ 123 ನಿಮಿಷಕ್ಕೊಮ್ಮೆ ಏರಿಳಿಯುವುದನ್ನು 2019ರಲ್ಲಿ ಪ್ರಕಟಿಸಿದರು. ತಟ್ಟೆಯ ಒಳಗೆ ಇನ್ನೂ ಚೂರಾಗದೆ ಉಳಿದ ಒಂದು ಗಟ್ಟಿ ಕಾಯ ಸುತ್ತುತ್ತಿದೆ, ಅದು ಹಿಂದೆ ಗ್ರಹವೊಂದರ ಕಬ್ಬಿಣದ ತಿರುಳಾಗಿದ್ದಿರಬಹುದು ಎಂಬುದು ಅವರ ವಿವರಣೆ. ಸ್ಕೈಸರ್ವರಿನ ರೋಹಿತ ಹಲವು ನಿಮಿಷಗಳ ಬೆಳಕನ್ನು ಕೂಡಿಸಿ ಮಾಡಿದ ಒಂದೇ ಚಿತ್ರ. ಅದರಲ್ಲಿ ಇಂಥ ಚಲನೆ ಕಾಣದು. ಕಾಲದೊಂದಿಗೆ ಬದಲಾಗುವುದನ್ನು ನೋಡಬೇಕಾದವರು ಬೇರೆ ಕಡೆ ಹೋಗಬೇಕು. 2015ರಲ್ಲಿ ಕೆಪ್ಲರ್ ದೂರದರ್ಶಕದ ದತ್ತಾಂಶದಲ್ಲಿ ಆಂಡ್ರ್ಯೂ ವಾಂಡರ್‌ಬರ್ಗ್ ತಂಡ ಕಂಡ ಡಬ್ಲ್ಯೂಡಿ 1145+017 ಎಂಬ ಶ್ವೇತಕುಬ್ಜದ ಮುಂದೆ ನಾಲ್ಕೂವರೆ ಗಂಟೆಗೊಮ್ಮೆ ಹಾದುಹೋಗಿ ಅದರ ಬೆಳಕನ್ನು ಶೇಕಡಾ 40ರವರೆಗೂ ಮರೆಮಾಡುತ್ತಿದ್ದ ಚೂರುಗಳ ಕಥೆಯೂ ಅಂಥದ್ದೇ.

ಎರಡನೆಯ ಪರೀಕ್ಷೆಗೆ 114.6773 ಮತ್ತು 18.5859 ಎಂದು ತುಂಬಿದರೆ ಜೆ0738+1835 ಸಿಗುತ್ತದೆ. ಇದರ ವಾತಾವರಣ ಹೀಲಿಯಂನದು. ಇಲ್ಲಿ ಗುರುತು ಹುಡುಕುವ ಕಷ್ಟವೇ ಇಲ್ಲ: ನೀಲಿಯ ತುದಿಯಲ್ಲಿ ಕ್ಯಾಲ್ಸಿಯಂನ ಜೋಡಿ ರೇಖೆಗಳು ಆಳವಾಗಿ ಕೊರೆದಿವೆ, ಅಕ್ಕಪಕ್ಕದಲ್ಲಿ ಕಬ್ಬಿಣ ಮತ್ತು ಮೆಗ್ನೀಸಿಯಂಗಳ ಕಚ್ಚುಗಳು ಗುಂಪುಗುಂಪಾಗಿವೆ. ಮಾಂಟ್ರಿಯಲ್‌ನ ಪ್ಯಾಟ್ರಿಕ್ ಡುಫೂರ್ ತಂಡ ಇನ್ನೂ ದೊಡ್ಡ ದೂರದರ್ಶಕಗಳ ನೆರವಿನಿಂದ ಈ ನಕ್ಷತ್ರದಲ್ಲಿ ಹದಿನಾಲ್ಕು ಭಾರದ ಧಾತುಗಳನ್ನು ಗುರುತಿಸಿ, ಅದರ ಹೊರಪದರದಲ್ಲಿ ಸದ್ಯ ತೇಲುತ್ತಿರುವ ಸರಕೇ ಸೀರಿಸ್ ಎಂಬ ನಮ್ಮ ಅತಿ ದೊಡ್ಡ ಕ್ಷುದ್ರಗ್ರಹದ ದ್ರವ್ಯರಾಶಿಗೆ ಹೋಲಿಸುವಷ್ಟಿದೆ ಎಂದು 2012ರಲ್ಲಿ ತೋರಿಸಿತು. ಎರಡು ರೋಹಿತಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ, ಮೊದಲನೆಯದರಲ್ಲಿ ಕಲ್ಲು ಕಡಿಮೆ ಬಿದ್ದಿದೆ, ಎರಡನೆಯದರಲ್ಲಿ ಹೆಚ್ಚು ಬಿದ್ದಿದೆ ಎಂದೆನಿಸುವುದು ಸಹಜ. ಈ ಸೇವೆಯನ್ನು ಬಳಸುವ ಹೊಸಬರು ಎಡವುವುದು ಇಲ್ಲಿಯೇ. ಹೀಲಿಯಂ ಪಾರದರ್ಶಕ, ಜಲಜನಕ ಹಾಗಲ್ಲ. ತಿಳಿನೀರಿಗೆ ಒಂದು ಹಿಡಿ ಮಣ್ಣು ಬಿದ್ದರೂ ಎದ್ದು ಕಾಣುತ್ತದೆ, ಮೊದಲೇ ರಾಡಿಯಾದ ನೀರಿಗೆ ಬುಟ್ಟಿ ತುಂಬ ಸುರಿದರೂ ಗೊತ್ತಾಗುವುದಿಲ್ಲ. ಮೇಲಾಗಿ ಹೀಲಿಯಂ ವಾತಾವರಣದಲ್ಲಿ ಹಳೆಯ ಸರಕು ಲಕ್ಷಾಂತರ ವರ್ಷ ಉಳಿಯುವುದರಿಂದ, ಅಲ್ಲಿ ಕಾಣುವುದು ದೀರ್ಘಕಾಲದಲ್ಲಿ ಕೂಡಿಬಿದ್ದದ್ದು. ಬಿಸಿ ಜಲಜನಕದಲ್ಲಿ ಕಾಣುವುದು ಈ ಹೊತ್ತು ಬೀಳುತ್ತಿರುವುದು ಮಾತ್ರ. ರೇಖೆಯ ಆಳವನ್ನು ಕಲ್ಲಿನ ಪ್ರಮಾಣವೆಂದು ಓದಬಾರದು ಎಂಬ ಒಂದು ಎಚ್ಚರಿಕೆಯನ್ನು ತಾಣದಲ್ಲಿ ಎಲ್ಲಾದರೂ ಎದ್ದು ಕಾಣುವಂತೆ ಹಾಕಬಹುದಿತ್ತು.

ಇದೇ ಕಾರಣಕ್ಕೆ, ಸ್ಕೈಸರ್ವರಿನಲ್ಲಿ ಕಲುಷಿತವಾಗಿ ಕಾಣುವ ಶ್ವೇತಕುಬ್ಜಗಳನ್ನು ಎಣಿಸಿ ಇಂಥ ನಕ್ಷತ್ರಗಳು ಅಪರೂಪ ಎಂಬ ನಿರ್ಣಯಕ್ಕೆ ಬರುವುದೂ ತಪ್ಪು. ಈ ಸಮೀಕ್ಷೆಯ ರೋಹಿತದರ್ಶಕದ ಪೃಥಕ್ಕರಣ ಸಾಮರ್ಥ್ಯ, ಅಂದರೆ ಹತ್ತಿರದ ತರಂಗಾಂತರಗಳನ್ನು ಬೇರ್ಪಡಿಸುವ ಶಕ್ತಿ, ಸುಮಾರು 2000 ಮಾತ್ರ. ಸಣ್ಣ ರೇಖೆಗಳು ಅದರಲ್ಲಿ ಮಸುಕಾಗಿ ಅಳಿಸಿಹೋಗುತ್ತವೆ. ಹವಾಯಿಯ ಕೆಕ್ ದೂರದರ್ಶಕದಿಂದ ಬಹಳ ಸೂಕ್ಷ್ಮವಾಗಿ ನೋಡಿದಾಗ ಜಲಜನಕದ ಶ್ವೇತಕುಬ್ಜಗಳಲ್ಲಿ ಕಾಲು ಭಾಗದಷ್ಟರಲ್ಲಿ ಕ್ಯಾಲ್ಸಿಯಂ ಕಂಡಿತೆಂದು ಜುಕರ್‌ಮನ್ ತಂಡ 2003ರಲ್ಲಿ ವರದಿ ಮಾಡಿತು. ಹಬಲ್ ದೂರದರ್ಶಕದಿಂದ ನೇರಳಾತೀತ ಬೆಳಕಿನಲ್ಲಿ ನೋಡಿದ ಕೋಸ್ಟರ್, ಗೆನ್ಸಿಕೆ ಮತ್ತು ಫರಿಹಿ 2014ರಲ್ಲಿ ಆ ಪಾಲನ್ನು ಶೇಕಡಾ 27ರಿಂದ 50ರವರೆಗೆ ಎಂದು ಹೇಳಿದರು. ಸತ್ತ ನಕ್ಷತ್ರಗಳಲ್ಲಿ ಅರ್ಧದವರೆಗೂ ಇರಬಹುದಾದ ಲಕ್ಷಣ ಸ್ಕೈಸರ್ವರಿನಲ್ಲಿ ಬೆರಳೆಣಿಕೆಯಂತೆ ಕಾಣುವುದು ನಕ್ಷತ್ರಗಳ ದೋಷವಲ್ಲ, ಸಲಕರಣೆಯ ಮಿತಿ.

ಇನ್ನು ಬಳಕೆಯ ಸಣ್ಣಪುಟ್ಟ ತೊಡಕುಗಳು. ಸಮೀಕ್ಷೆಯ ತರಂಗಾಂತರಗಳೆಲ್ಲ ನಿರ್ವಾತದ ಲೆಕ್ಕದವು, ಪಠ್ಯಪುಸ್ತಕಗಳಲ್ಲಿ ಸಿಗುವುದು ಸಾಮಾನ್ಯವಾಗಿ ಗಾಳಿಯ ಲೆಕ್ಕದವು. ಕ್ಯಾಲ್ಸಿಯಂನ ಜೋಡಿ ರೇಖೆಗಳನ್ನು ಪುಸ್ತಕ ನೋಡಿ 3933.7 ಮತ್ತು 3968.5ರಲ್ಲಿ ಹುಡುಕಿದರೆ ಅವು 3934.8 ಮತ್ತು 3969.6ರಲ್ಲಿ ಸಿಗುತ್ತವೆ, ಈ ವ್ಯತ್ಯಾಸವನ್ನು ನಕ್ಷತ್ರದ ವೇಗವೆಂದು ತಿಳಿದರೆ ಸೆಕೆಂಡಿಗೆ ಎಂಬತ್ತು ಕಿಲೋಮೀಟರಿಗೂ ಹೆಚ್ಚಿನ ಸುಳ್ಳು ವೇಗ ಬರುತ್ತದೆ. ಪುಟದಲ್ಲಿ ಕೊಡುವ ಕೆಂಪುಪಲ್ಲಟದ (ರೇಖೆಗಳು ಕೆಂಪಿನತ್ತ ಸರಿದಿರುವುದರ) ಅಂಕಿಯನ್ನೂ ಹಾಗೆಯೇ ವೇಗವಾಗಿ ಓದುವಂತಿಲ್ಲ. ಶ್ವೇತಕುಬ್ಜದ ಗುರುತ್ವದಿಂದ ಹೊರಬರುವಾಗಲೇ ಬೆಳಕು ಸೆಕೆಂಡಿಗೆ ಸುಮಾರು ಮೂವತ್ತು ಕಿಲೋಮೀಟರ್ ವೇಗಕ್ಕೆ ಸಮನಾಗಿ ಕೆಂಪಿನತ್ತ ಸರಿದಿರುತ್ತದೆ. ಹಳೆಯ ರೋಹಿತಗಳು ಆರಂಭವಾಗುವುದೇ 3800 ಆಂಗ್‌ಸ್ಟ್ರಾಂನಿಂದ. ಕ್ಯಾಲ್ಸಿಯಂ ರೇಖೆಗಳು ಗದ್ದಲ ಹೆಚ್ಚಿರುವ ಆ ಅಂಚಿಗೆ ಹತ್ತಿರ ಬೀಳುತ್ತವೆ. 2009ರ ನಂತರದ ಹೊಸ ರೋಹಿತದರ್ಶಕದವು 3600ರಿಂದಲೇ ತೊಡಗುವುದರಿಂದ, ಒಂದೇ ನಕ್ಷತ್ರಕ್ಕೆ ಎರಡೂ ಇದ್ದರೆ ಹೊಸದನ್ನೇ ತೆರೆಯುವುದು ಲೇಸು.

ಮಂದವಾದ, ದೂರದ ನಕ್ಷತ್ರದಲ್ಲಿ ತೀರ ತೆಳುವಾದ ಕ್ಯಾಲ್ಸಿಯಂ ಗೆರೆಯೊಂದೇ ಕಂಡರೆ ಹಿಗ್ಗಬೇಕಾಗಿಲ್ಲ. ನಡುವಿನ ಅಂತರತಾರಾ ಅನಿಲವೂ ಅದೇ ಗೆರೆ ಎಳೆಯಬಲ್ಲದು. ಮೆಗ್ನೀಸಿಯಂ, ಕಬ್ಬಿಣಗಳೂ ಜೊತೆಗಿದ್ದರೆ ಮಾತ್ರ ಅದು ನಕ್ಷತ್ರದ್ದೆಂಬ ಧೈರ್ಯ ಬರುತ್ತದೆ.

ಪ್ರಸಿದ್ಧ ನಕ್ಷತ್ರಗಳನ್ನು ಹುಡುಕಿ ಹೋದವರಿಗೆ ಇಲ್ಲಿ ನಿರಾಶೆ ಕಾದಿದೆ. ವಾನ್ ಮಾನೆನ್ ನಕ್ಷತ್ರದ ಕಾಂತಿಮಾನ (ಈ ಅಂಕಿ ಕಡಿಮೆಯಾದಷ್ಟೂ ನಕ್ಷತ್ರ ಹೆಚ್ಚು ಪ್ರಖರ) 12ರ ಆಸುಪಾಸು, ಜಿ 29-38ರದು 13. ಈ ಸಮೀಕ್ಷೆಯ ಚಿತ್ರಗಳಲ್ಲಿ 14ಕ್ಕಿಂತ ಪ್ರಖರವಾದವು ಅತಿಯಾಗಿ ಬೆಳಗಿ ಅಳತೆಗೆ ಸಿಗದಂತಾಗುತ್ತವೆ. ನಮ್ಮ ನೆರೆಯಲ್ಲೇ, ಹದಿನಾಲ್ಕು ಜ್ಯೋತಿರ್ವರ್ಷ ದೂರದಲ್ಲೇ ಇರುವ, ಇಡೀ ಕಥೆಗೆ ನಾಂದಿ ಹಾಡಿದ ನಕ್ಷತ್ರವೇ ಈ ಕೆಲಸಕ್ಕೆ ಒದಗದಿರುವುದು ಸ್ವಲ್ಪ ವಿಚಿತ್ರವೇ.

ಹುಡುಕಾಟದ ಭಾಗವನ್ನು ಮಾತ್ರ ಮನಸಾರೆ ಹೊಗಳಬೇಕು. ದತ್ತಾಂಶವನ್ನು ಹುಡುಕಿಸುವ ಎಸ್‌ಕ್ಯೂಎಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕು ಸಾಲು ಬರೆಯಬಲ್ಲವರು, ರೋಹಿತಗಳ ಕೋಷ್ಟಕದಲ್ಲಿ ಉಪವರ್ಗದ ಕಾಲಂ ಎದುರು ಕ್ಯಾಲ್ಸಿಯಂ ಡಬ್ಲ್ಯೂಡಿ ಎಂಬ ಚೀಟಿ ಇರುವವನ್ನೆಲ್ಲ ಒಮ್ಮೆಗೇ ಪಟ್ಟಿ ಮಾಡಿಸಬಹುದು. ಕಂಪ್ಯೂಟರ್ ತನ್ನಲ್ಲಿರುವ ಮಾದರಿಗಳೊಂದಿಗೆ ಹೋಲಿಸಿ ತಾನಾಗಿ ಅಂಟಿಸುವ ಚೀಟಿ ಅದು. ಗದ್ದಲವೇ ತುಂಬಿದ ರೋಹಿತಕ್ಕೂ ಅದು ಈ ಹೆಸರು ಕೊಟ್ಟುಬಿಡಬಹುದು, ನಿಜವಾದ ಕಲುಷಿತ ನಕ್ಷತ್ರವನ್ನು ಬೇರೆ ಯಾವುದೋ ವರ್ಗಕ್ಕೆ ಸೇರಿಸಬಹುದು. ಆದ್ದರಿಂದ ಎಚ್ಚರಿಕೆಯ ಕಾಲಂ ಸೊನ್ನೆ ಇರಬೇಕು, ಸಂಕೇತ ಮತ್ತು ಗದ್ದಲದ ಅನುಪಾತ ಇಂತಿಷ್ಟಕ್ಕಿಂತ ಹೆಚ್ಚಿರಬೇಕು ಎಂಬ ಎರಡು ಷರತ್ತು ಸೇರಿಸಿ, ಉಳಿದದ್ದನ್ನು ಒಂದೊಂದಾಗಿ ಕಣ್ಣಿನಿಂದಲೇ ನೋಡಬೇಕು. ಈ ಸಮೀಕ್ಷೆಯಲ್ಲಿ ಸಿಕ್ಕ ತಣ್ಣನೆಯ ಕಲುಷಿತ ಶ್ವೇತಕುಬ್ಜಗಳಲ್ಲಿ ಎಷ್ಟೋ ಸಿಕ್ಕದ್ದೇ ಬಣ್ಣದಲ್ಲಿ ಅವು ಕ್ವೇಸಾರ್‌ಗಳನ್ನು, ಅಂದರೆ ದೂರದ ಗೆಲಾಕ್ಸಿಗಳ ಅತಿ ಪ್ರಖರ ನಡುಭಾಗಗಳನ್ನು, ಹೋಲುತ್ತಿದ್ದುದರಿಂದ: ಕ್ವೇಸಾರ್ ಇರಬಹುದೆಂದು ಫೈಬರ್ ಇಟ್ಟರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿದ ಸತ್ತ ನಕ್ಷತ್ರ ಕಂಡಿತು. ಮಾರ್ಕ್ ಹಾಲೆಂಡ್ಸ್ ತಂಡ 2017ರಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿಯನ್ನು ಇದೇ ದತ್ತಾಂಶದಿಂದ ಹೊರತೆಗೆಯಿತು. ಯಂತ್ರದ ಚೀಟಿಯನ್ನು ಮೀರಿ ಮನುಷ್ಯರ ಕಣ್ಣು ಹಾಯಿಸಿದ್ದಕ್ಕೆ ಸಿಕ್ಕ ಫಲ ಅದು.

ಅಳತೆಯ ಕೊರತೆಯನ್ನು ತುಂಬಿಕೊಳ್ಳಲು ಮಾಂಟ್ರಿಯಲ್ ಶ್ವೇತಕುಬ್ಜ ದತ್ತಕೋಶ ಎಂಬ ಇನ್ನೊಂದು ಉಚಿತ ತಾಣವಿದೆ. ಮೇಲೆ ಹೇಳಿದ ಡುಫೂರ್ ಮತ್ತು ಸಂಗಡಿಗರು 2017ರ ಸುಮಾರಿಗೆ ಕಟ್ಟಿದ್ದು. ಶ್ವೇತಕುಬ್ಜವೊಂದರ ಹೆಸರು ಹಾಕಿದರೆ ಪ್ರಕಟಿತ ಅಧ್ಯಯನಗಳಿಂದ ಆಯ್ದ ಉಷ್ಣತೆ, ದ್ರವ್ಯರಾಶಿ, ರೋಹಿತದ ಬಗೆ ಎಲ್ಲವೂ ಒಂದೇ ಪುಟದಲ್ಲಿ ಬರುತ್ತವೆ. ತಣ್ಣಗಾಗಲು ಎಷ್ಟು ಕಾಲವಾಯಿತು ಎಂಬ ಲೆಕ್ಕವನ್ನೂ ಮಾಡಿಕೊಳ್ಳಬಹುದು. ನೋಟಕ್ಕೆ ನೀರಸ, ಕೋಷ್ಟಕಗಳೇ ಎಲ್ಲ. ಆದರೆ ಸ್ಕೈಸರ್ವರಿನಲ್ಲಿ ನೋಡಿದ ನಕ್ಷತ್ರ ಜಲಜನಕದ್ದೋ ಹೀಲಿಯಂನದೋ, ಎಷ್ಟು ಬಿಸಿಯದು ಎಂದು ಖಚಿತಪಡಿಸಿಕೊಳ್ಳದೆ ಅದರ ಕ್ಯಾಲ್ಸಿಯಂ ಬಗ್ಗೆ ಏನನ್ನೂ ಹೇಳುವಂತಿಲ್ಲವಾದ್ದರಿಂದ, ಎರಡು ಕಿಟಕಿಗಳಲ್ಲಿ ಎರಡನ್ನೂ ತೆರೆದಿಟ್ಟುಕೊಳ್ಳುವುದೇ ಸರಿಯಾದ ಕ್ರಮ.

ಎರಡೂ ತಾಣಗಳಲ್ಲಿ ಕನ್ನಡವಿಲ್ಲ, ಇಂಗ್ಲಿಷಿನ ತಾಂತ್ರಿಕ ಪದಗಳು ದಟ್ಟವಾಗಿವೆ. ಹೈಸ್ಕೂಲಿನ ಮಕ್ಕಳಿಗೆ ತೋರಿಸುವುದಾದರೆ ಜೊತೆಗೆ ಒಬ್ಬ ಮೇಷ್ಟ್ರು ಬೇಕು. ಪದವಿಯ ಭೌತವಿಜ್ಞಾನದ ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ಒಗ್ಗಿಸಿಕೊಳ್ಳಬಲ್ಲರು. ರೋಹಿತದ ನಕ್ಷೆಯನ್ನು ಮೊಬೈಲಿನ ಚಿಕ್ಕ ಪರದೆಯಲ್ಲಿ ನೋಡಿದರೆ 4481ರ ಕಚ್ಚಿನಂಥದ್ದು ಕಾಣುವುದೇ ಇಲ್ಲ, ಕಂಪ್ಯೂಟರ್ ಬೇಕು. ಅಂಕಿಗಳ ಕಡತವನ್ನೇ ಇಳಿಸಿಕೊಂಡು ಸ್ವತಃ ನಕ್ಷೆ ಎಳೆದುಕೊಳ್ಳುವುದಾದರೆ ಇನ್ನೂ ಒಳ್ಳೆಯದು; ಅದಕ್ಕೂ ಹಣವಿಲ್ಲ.

ಕಲ್ಲಿನಲ್ಲಿ ನೀರಿತ್ತೇ ಎಂಬ ಕುತೂಹಲ ಇರುವವರಿಗೆ ಮಾತ್ರ ಈ ಎರಡು ತಾಣಗಳೂ ಸಾಲವು. ಜಿಡಿ 61 ಎಂಬ ಶ್ವೇತಕುಬ್ಜಕ್ಕೆ ಬಿದ್ದ ಸರಕಿನಲ್ಲಿ, ಕಲ್ಲಿನ ಖನಿಜಗಳಿಗೆ ಬೇಕಾದ್ದನ್ನು ಕಳೆದ ಮೇಲೂ ಆಮ್ಲಜನಕ ಮಿಕ್ಕಿತು. ಅದನ್ನು ಹಿಡಿದಿಟ್ಟದ್ದು ನೀರೇ ಇರಬೇಕು, ಆ ಕ್ಷುದ್ರಗ್ರಹದ ತೂಕದಲ್ಲಿ ಶೇಕಡಾ 26ರಷ್ಟು ನೀರಿತ್ತು ಎಂದು ಫರಿಹಿ, ಗೆನ್ಸಿಕೆ ಮತ್ತು ಕೋಸ್ಟರ್ 2013ರಲ್ಲಿ ತೋರಿಸಿದರು. ಆ ಆಮ್ಲಜನಕವನ್ನು ಅಳೆಯಲು ಹಬಲ್‌ನ ನೇರಳಾತೀತ ರೋಹಿತ ಬೇಕಾಯಿತು. ನೆಲದ ಮೇಲಿನ ಯಾವ ದೂರದರ್ಶಕಕ್ಕೂ ಆ ಬೆಳಕು ವಾತಾವರಣವನ್ನು ದಾಟಿ ಬರುವುದಿಲ್ಲ. ಹಬಲ್‌ನ ದತ್ತಾಂಶವೂ ಸಾರ್ವಜನಿಕರಿಗೆ ಮುಕ್ತವಾಗಿದೆ, ಆದರೆ ಅಲ್ಲಿ ಎಕ್ಸ್‌ಪ್ಲೋರ್ ಪುಟದಂಥ ಸುಲಭದ ಬಾಗಿಲಿಲ್ಲ. ಕಡತ ಇಳಿಸಿಕೊಂಡು ತೆರೆಯುವ ಅಭ್ಯಾಸ ಮೊದಲು ಆಗಿರಬೇಕು.